‘ಪಿಡಿಎಫ್ ಹಂಚಿ, ಕನ್ನಡ ಉಳಿಸಿ’: ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು? ಲೇಖಕರಿಗೆ ನಷ್ಟವಾಗುತ್ತದೆಯೇ?

ಕಳೆದ ಕೆಲವು ವಾರಗಳಲ್ಲಿ ಬಳ್ಳಾರಿ ಜಿಲ್ಲೆಯ ಮೂವರು ಓದುಗರು ಒಂದೇ ವಿಷಯದ ಬಗ್ಗೆ ನಮ್ಮನ್ನು ಕೇಳಿದ್ದಾರೆ. ಮೂವರ ಪ್ರಶ್ನೆಯೂ ಬೇರೆ ಬೇರೆ.

ಸಿರುಗುಪ್ಪದ ಓದುಗರು ಕಳಿಸಿದ್ದು ಒಂದು ಲಿಂಕ್ ಇರುವ ಸಂದೇಶ. ಅದರಲ್ಲಿ ನೂರಾರು ಕನ್ನಡ ಪುಸ್ತಕಗಳ ಪಿಡಿಎಫ್ ಇದೆಯಂತೆ. ‘ಈ ಲೇಖಕರಲ್ಲಿ ಹೆಚ್ಚಿನವರು ಈಗಿಲ್ಲ, ಆದ್ದರಿಂದ ಹಕ್ಕಿನ ಪ್ರಶ್ನೆಯೇ ಬರುವುದಿಲ್ಲ. ವಿದ್ಯಾಭ್ಯಾಸಕ್ಕಾಗಿ ಹಂಚುವುದು ಅಪರಾಧವಲ್ಲ. ಕನ್ನಡ ಉಳಿಯಬೇಕಾದರೆ ಹತ್ತು ಗ್ರೂಪ್‌ಗೆ ಕಳಿಸಿ’ ಎಂದು ಸಂದೇಶ ಹೇಳುತ್ತದೆ. ಬಳ್ಳಾರಿ ನಗರದ ಓದುಗರಿಗೆ ಬಂದಿರುವುದು ಇದಕ್ಕೆ ತದ್ವಿರುದ್ಧವಾದ ಸಂದೇಶ: ‘ಪುಸ್ತಕದ ಪಿಡಿಎಫ್ ಫೋನಿನಲ್ಲಿ ಸಿಕ್ಕರೆ ಮೂರು ವರ್ಷ ಜೈಲು. ಮೊದಲು ಗ್ರೂಪ್ ಅಡ್ಮಿನ್ ಅರೆಸ್ಟ್.’ ಮೂರನೆಯವರು ಕುರುಗೋಡಿನ ಯುವಕ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು. ಅವರು ಫಾರ್ವರ್ಡ್ ಕಳಿಸಲಿಲ್ಲ, ನೇರವಾಗಿ ಕೇಳಿದರು: ‘ಸರ್, ನನ್ನ ಹತ್ತಿರ ಹಣ ಇಲ್ಲ, ಹೇಗೂ ಆ ಪುಸ್ತಕ ಕೊಳ್ಳುತ್ತಿರಲಿಲ್ಲ. ಪಿಡಿಎಫ್ ಓದಿದರೆ ಬರೆದವರಿಗೆ ಏನು ನಷ್ಟ?’

ಮೊದಲ ಎರಡು ಸಂದೇಶಗಳಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಎಂದು ಕಾನೂನು ನೋಡಿ ಹೇಳಿಬಿಡಬಹುದು. ಕುರುಗೋಡಿನವರ ಪ್ರಶ್ನೆ ಹಾಗಲ್ಲ. ಜಗತ್ತಿನಾದ್ಯಂತ ಅರ್ಥಶಾಸ್ತ್ರಜ್ಞರೂ ಲೇಖಕರೂ ಜಗಳವಾಡುತ್ತಿರುವುದು ಅದೇ ಪ್ರಶ್ನೆಯ ಮೇಲೆ. ಅದನ್ನು ಆಮೇಲೆ ನಿಧಾನವಾಗಿ ನೋಡೋಣ.

ಲೇಖಕರು ತೀರಿಕೊಂಡರೆ ಪುಸ್ತಕ ಎಲ್ಲರದ್ದಾಗುತ್ತದೆಯೇ?

ಆಗುತ್ತದೆ, ಆದರೆ ಕೂಡಲೇ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಉಳಿಯುತ್ತದೆ. ತೀರಿಕೊಂಡ ದಿನದಿಂದ ಎಣಿಸುವುದಿಲ್ಲ, ಮುಂದಿನ ವರ್ಷದ ಜನವರಿ 1ರಿಂದ ಎಣಿಸಬೇಕು. ಕೆಲವು ಹಳೆಯ ಫಾರ್ವರ್ಡ್‌ಗಳಲ್ಲಿ ‘50 ವರ್ಷ’ ಎಂದಿರುತ್ತದೆ. ಅದು ಹಿಂದಿನ ಲೆಕ್ಕ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ 50 ವರ್ಷದ ಅವಧಿ 1991ಕ್ಕೆ ಮುಗಿಯುತ್ತಿತ್ತು. ಆ ಹೊತ್ತಿಗೆ ಕಾಯ್ದೆಗೆ ತಿದ್ದುಪಡಿ ತಂದು 60 ವರ್ಷ ಮಾಡಲಾಯಿತು.

ಈ ಲೆಕ್ಕವನ್ನು ನಮ್ಮವರಿಗೆ ಹಚ್ಚಿ ನೋಡಿ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತೀರಿಕೊಂಡದ್ದು 1980ರಲ್ಲಿ. ಅವರ ತಿಮ್ಮನ ಜೋಕುಗಳು ಹೆಸರೂ ಇಲ್ಲದೆ ಎಲ್ಲ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ಆದರೆ ಪುಸ್ತಕಗಳ ಹಕ್ಕು 2040ರ ಕೊನೆಯವರೆಗೆ ಅವರ ವಾರಸುದಾರರದ್ದು ಅಥವಾ ಅವರಿಂದ ಹಕ್ಕು ಪಡೆದವರದ್ದು. ಬಳ್ಳಾರಿಯಲ್ಲೇ ಹುಟ್ಟಿದ ರವಿ ಬೆಳಗೆರೆ ತೀರಿಕೊಂಡದ್ದು 2020ರ ನವೆಂಬರ್‌ನಲ್ಲಿ. ಅವರ ಪುಸ್ತಕಗಳ ಹಕ್ಕು 2080ರ ಕೊನೆಯವರೆಗೆ ಇರುತ್ತದೆ. ದಿನಕ್ಕೊಂದು ಪದ್ಯದಂತೆ ಹರಿದಾಡುವ ಮಂಕುತಿಮ್ಮನ ಕಗ್ಗ ಬರೆದ ಡಿವಿಜಿಯವರು 1975ರಲ್ಲಿ ತೀರಿಕೊಂಡರು, ಅಂದರೆ 2035ರ ಕೊನೆಯವರೆಗೆ. ಕುವೆಂಪು 1994, ಹಾಗಾಗಿ 2054. ಕಾರಂತರು 1997, ಹಾಗಾಗಿ 2057. ಕೊಟ್ಟೂರಿನ ಕುಂ. ವೀರಭದ್ರಪ್ಪ, ಸಂಡೂರಿನ ವಸುಧೇಂದ್ರ ಇವರೆಲ್ಲ ಈಗಲೂ ಬರೆಯುತ್ತಿರುವವರು. ಅವರ ಪುಸ್ತಕಗಳ ವಿಷಯದಲ್ಲಿ ಲೆಕ್ಕ ಹಾಕುವ ಕೆಲಸವೇ ಇಲ್ಲ.

ಹಾಗಾದರೆ ಮುಕ್ತವಾಗಿ ಹಂಚಬಹುದಾದ ಪುಸ್ತಕಗಳೇ ಇಲ್ಲವೇ? ಬೇಕಾದಷ್ಟಿವೆ. ಮುದ್ದಣ, ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ., ಕೈಲಾಸಂ ಇವರ ಅವಧಿ ಮುಗಿದು ಬಹಳ ಕಾಲವಾಯಿತು. ಇತ್ತೀಚಿನ ಒಂದು ಹೆಸರು ಅನೇಕರಿಗೆ ಗೊತ್ತಿಲ್ಲ: ತ್ರಿವೇಣಿ. ‘ಬೆಳ್ಳಿಮೋಡ’, ‘ಶರಪಂಜರ’ ಸಿನಿಮಾಗಳಾಗಿ ಮನೆಮಾತಾದ ಕಾದಂಬರಿಗಳನ್ನು ಬರೆದ ತ್ರಿವೇಣಿಯವರು 1963ರ ಜುಲೈನಲ್ಲಿ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಅದೇ ವರ್ಷ ತೀರಿಕೊಂಡ ಗೋವಿಂದ ಪೈಗಳದ್ದೂ ಅಷ್ಟೇ. ‘ಬದುಕಿದ್ದಾಗ’ ಎಂದು ಒತ್ತಿ ಹೇಳಲು ಕಾರಣವಿದೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದ ಕೃತಿಗೆ, ಪ್ರಕಟವಾದ ವರ್ಷದಿಂದ 60 ವರ್ಷ ಎಣಿಸಬೇಕು.

ಇನ್ನೊಂದು ಕಡೆ ಎಡವುವುದು ಹಳಗನ್ನಡದ ವಿಷಯದಲ್ಲಿ. ಹಂಪಿಯ ರಾಘವಾಂಕನ ಕಾವ್ಯಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಅದಕ್ಕೆ ಮೊನ್ನೆ ಮೊನ್ನೆ ಗದ್ಯಾನುವಾದ ಮಾಡಿ, ಟಿಪ್ಪಣಿ ಬರೆದ ಮೇಷ್ಟ್ರಿಗೆ ತಮ್ಮ ಬರಹದ ಮೇಲೆ ಹಕ್ಕಿದೆ. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಪುಸ್ತಕಗಳಿಗೂ ಇದೇ ನಿಯಮ. ಮೂಲ ಎಷ್ಟೇ ಹಳೆಯದಾಗಿರಲಿ, ಅನುವಾದಕ್ಕೆ ಬೇರೆ ಲೆಕ್ಕ.

ಸಿರುಗುಪ್ಪದ ಓದುಗರು ಕಳಿಸಿದ ಪಟ್ಟಿಯ ಮೇಲೆ ನಾವು ಕಣ್ಣಾಡಿಸಿದೆವು. ಅವಧಿ ಮುಗಿದ ಹೆಸರುಗಳೂ ಇವೆ, ಬದುಕಿರುವ ಲೇಖಕರ ಹೊಸ ಕಾದಂಬರಿಗಳೂ ಇವೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಎಲ್ಲರೂ ಈಗಿಲ್ಲ’ ಎಂದು ಚೀಟಿ ಅಂಟಿಸಿದ್ದಾರೆ. ಆದ್ದರಿಂದ ಆ ಸಂದೇಶ ದಾರಿ ತಪ್ಪಿಸುವಂಥದ್ದು.

ವಿದ್ಯಾಭ್ಯಾಸಕ್ಕೆ ಎಂದರೆ ಎಲ್ಲಕ್ಕೂ ರಿಯಾಯಿತಿಯೇ?

ಇಲ್ಲಿ ಅರ್ಧ ನಿಜವಿದೆ. ಕಾಯ್ದೆಯ ಸೆಕ್ಷನ್ 52 ಸ್ವಂತ ಓದು, ಸಂಶೋಧನೆ, ವಿಮರ್ಶೆಗಳಿಗೆ ನ್ಯಾಯಯುತವಾದ ಬಳಕೆಯನ್ನು ಒಪ್ಪುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ವಿದೇಶಿ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ, ಪಾಠಕ್ಕೆ ಬೇಕಾದ ಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದಕ್ಕೆ ಅವಕಾಶವಿದೆ ಎಂದಿತು. ಫಾರ್ವರ್ಡ್ ಬರೆದವರು ಬಹುಶಃ ಇದನ್ನೇ ಕೇಳಿ ತಿಳಿದಿರಬೇಕು. ಆದರೆ ಅದು ತರಗತಿಯ ಪಾಠದ ಚೌಕಟ್ಟಿನೊಳಗಿನ ಮಾತು. ಇಡೀ ಕಾದಂಬರಿಯನ್ನು ಸ್ಕ್ಯಾನ್ ಮಾಡಿ ಐನೂರು ಜನರ ಗ್ರೂಪಿಗೆ ಹಾಕುವುದು ಅದರೊಳಗೆ ಬರುವುದಿಲ್ಲ. ಅನುಮತಿ ಇಲ್ಲದೆ ಕಾದಂಬರಿಯನ್ನು ಪೂರ್ತಿ ಓದಿ ಯೂಟ್ಯೂಬಿಗೆ ಹಾಕುವುದೂ ಬರುವುದಿಲ್ಲ, ‘ಲೇಖಕರಿಗೆ ಕೃತಜ್ಞತೆಗಳು’ ಎಂದು ಕೆಳಗೆ ಬರೆದರೂ ಸಹ.

ದೃಷ್ಟಿದೋಷ ಇರುವವರಿಗಾಗಿ ಪುಸ್ತಕವನ್ನು ಓದಿ ಧ್ವನಿಮುದ್ರಿಸುವುದು, ಬ್ರೈಲ್‌ಗೆ ತರುವುದು, ಫೋನು ಓದಿ ಹೇಳಬಲ್ಲ ಕಡತವಾಗಿ ಮಾಡಿ ಅವರಿಗೆ ಕೊಡುವುದು ಮಾತ್ರ ಕಾನೂನುಬದ್ಧ. 2012ರ ತಿದ್ದುಪಡಿಯಲ್ಲಿ ಇದಕ್ಕೆ ಸ್ಪಷ್ಟ ಅವಕಾಶ ಬಂತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ನಿಮ್ಮ ಊರಲ್ಲಿ ಯಾರಾದರೂ ಅಂಧ ವಿದ್ಯಾರ್ಥಿಗೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದರೆ ದಯವಿಟ್ಟು ಅವರನ್ನು ‘ಪೈರಸಿ’ ಎಂದು ಹೆದರಿಸಬೇಡಿ.

‘ಹಿಂದೆ ನಾವು ಒಂದೇ ಪುಸ್ತಕವನ್ನು ಓಣಿಯವರೆಲ್ಲ ಓದುತ್ತಿದ್ದೆವು, ಆಗ ಯಾರೂ ಕಳ್ಳತನ ಅನ್ನಲಿಲ್ಲ’ ಎನ್ನುವವರಿದ್ದಾರೆ. ಸರಿಯಾದ ಮಾತು. ಕೊಂಡ ಪುಸ್ತಕವನ್ನು ಎರವಲು ಕೊಡಬಹುದು, ಹಳೆ ಪುಸ್ತಕವಾಗಿ ಮಾರಬಹುದು, ಬಾಡಿಗೆ ಲೈಬ್ರರಿಯಲ್ಲಿ ಇಡಬಹುದು. ಕಾನೂನು ಅಡ್ಡಿ ಮಾಡುವುದಿಲ್ಲ. ಪಕ್ಕದ ಮನೆಯವರಿಗೆ ಪುಸ್ತಕ ಕೊಟ್ಟರೆ ಅದು ಹಿಂದೆ ಬರುವವರೆಗೆ ನಿಮ್ಮ ಹತ್ತಿರ ಇರುವುದಿಲ್ಲ (ಅನೇಕ ಸಲ ಹಿಂದೆ ಬರುವುದೂ ಇಲ್ಲ, ಅದು ಬೇರೆ ಮಾತು). ಪಿಡಿಎಫ್ ಕಳಿಸಿದರೆ ನಿಮ್ಮದು ನಿಮ್ಮಲ್ಲೇ ಇದ್ದು, ಒತ್ತಿದ ಪ್ರತಿ ಸಲವೂ ಹೊಸ ಪ್ರತಿ ಹುಟ್ಟುತ್ತದೆ. ಹೊಸ ಪ್ರತಿ ಮಾಡುವ ಹಕ್ಕು ಮಾತ್ರ ಲೇಖಕರದ್ದು, ಅಥವಾ ಅವರಿಂದ ಅದನ್ನು ಪಡೆದ ಪ್ರಕಾಶಕರದ್ದು.

ಹಾಗಾದರೆ ಜೈಲು?

ಬಳ್ಳಾರಿಯ ಓದುಗರ ಪ್ರಶ್ನೆಗೆ ಬಂದೆವು. ಸೆಕ್ಷನ್ 63 ಪ್ರಕಾರ ತಿಳಿದೂ ತಿಳಿದೂ ಹಕ್ಕು ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ಬರೆದು ಇದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಈ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆಯೂ ಕ್ರಮ ಕೈಗೊಳ್ಳಬಹುದು, ಇದು ಜಾಮೀನುರಹಿತವೂ ಹೌದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ‘ಏನೂ ಆಗಲ್ಲ ಬಿಡ್ರಿ’ ಎನ್ನುವುದು ತಪ್ಪು. ಗ್ರೂಪಿನಲ್ಲಿ ತಾನಾಗಿ ಬಂದು ಬಿದ್ದ ಕಡತ ಫೋನಿನಲ್ಲಿ ಇದ್ದ ಮಾತ್ರಕ್ಕೆ ಮೂರು ವರ್ಷ ಜೈಲು ಎನ್ನುವುದೂ ಅಷ್ಟೇ ತಪ್ಪು. ಅಡ್ಮಿನ್ ಮಾತಿಗೆ ಬಂದರೆ, ಬೇರೆ ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ಆದ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅದು ಪುಸ್ತಕದ ಪ್ರಕರಣವಲ್ಲ, ಆದರೆ ತತ್ವ ಇಲ್ಲಿಗೂ ಹತ್ತಿರದ್ದು. ಅಡ್ಮಿನ್ನೇ ಮುಂದೆ ನಿಂತು ಪಿಡಿಎಫ್ ಹಾಕಿದರೆ ಅಥವಾ ಹಾಕಿಸಿದರೆ ಮಾತು ಬೇರೆ.

ಪರೀಕ್ಷೆಗೆ ಓದುವವರು ತಿಳಿದಿರಬೇಕಾದ ಪ್ರಕರಣ ಒಂದಿದೆ. ದೆಹಲಿಯಲ್ಲಿ ಕೋಚಿಂಗ್ ನಡೆಸುವ ಶಿಕ್ಷಕಿ ನೀತು ಸಿಂಗ್ ಅವರ ಪುಸ್ತಕ, ಪಾಠಗಳನ್ನು ಟೆಲಿಗ್ರಾಂ ಚಾನೆಲ್‌ಗಳು ಹಂಚುತ್ತಿದ್ದವು. ಒಂದು ಚಾನೆಲ್ ಮುಚ್ಚಿಸಿದರೆ ಇನ್ನೊಂದು ಹುಟ್ಟುತ್ತಿತ್ತು. ಅವರು ಕೋರ್ಟಿಗೆ ಹೋದರು. 2022ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಚಾನೆಲ್ ನಡೆಸುವವರ ವಿವರ ಕೊಡುವಂತೆ ಟೆಲಿಗ್ರಾಂಗೆ ಆದೇಶಿಸಿತು. ಕಂಪನಿ ಆಮೇಲೆ ಹೆಸರು, ಫೋನ್ ನಂಬರ್‌ಗಳನ್ನು ಕೋರ್ಟಿಗೆ ಕೊಟ್ಟಿತು. ಟೆಲಿಗ್ರಾಂನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬ ನಂಬಿಕೆಗೆ ಅಲ್ಲಿಗೆ ತೆರೆ ಬಿತ್ತು.

‘ಹೇಗೂ ಕೊಳ್ಳುತ್ತಿರಲಿಲ್ಲ, ನಷ್ಟ ಎಲ್ಲಿಂದ?’

ಕುರುಗೋಡಿನ ಯುವಕನ ತರ್ಕದಲ್ಲಿ ಸತ್ಯವಿದೆ ಎಂದು ಮೊದಲೇ ಒಪ್ಪಿಬಿಡುತ್ತೇವೆ. ‘ಹತ್ತು ಸಾವಿರ ಜನ ಪಿಡಿಎಫ್ ಇಳಿಸಿಕೊಂಡರು, ಆದ್ದರಿಂದ ಹತ್ತು ಸಾವಿರ ಪ್ರತಿಯ ನಷ್ಟ’ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಇಳಿಸಿಕೊಂಡವರಲ್ಲಿ ಎಷ್ಟೋ ಜನ ಅದನ್ನು ತೆರೆದೂ ನೋಡಿರುವುದಿಲ್ಲ. ನಮ್ಮ ನಿಮ್ಮ ಫೋನಿನ ಡೌನ್‌ಲೋಡ್ ಫೋಲ್ಡರ್ ನೋಡಿದರೆ ಸಾಕು.

ಸಂಶೋಧನೆಗಳು ಏನು ಹೇಳುತ್ತವೆ? ಯುರೋಪಿಯನ್ ಕಮಿಷನ್ ಒಂದು ದೊಡ್ಡ ಅಧ್ಯಯನ ಮಾಡಿಸಿತ್ತು. ಆರು ದೇಶಗಳಲ್ಲಿ ಸುಮಾರು 30,000 ಜನರನ್ನು ಕೇಳಿ ಮಾಡಿದ ಅಧ್ಯಯನ ಅದು. 2015ರಲ್ಲೇ ಸಿದ್ಧವಾದ ವರದಿ ಹೊರಗೆ ಬಂದದ್ದು 2017ರಲ್ಲಿ, ಅದೂ ಯುರೋಪಿನ ಸಂಸದೆಯೊಬ್ಬರು ಹಿಂದೆ ಬಿದ್ದು ಕೇಳಿದ ಮೇಲೆ. ಹೊಸದಾಗಿ ಬಿಡುಗಡೆಯಾದ ಜನಪ್ರಿಯ ಸಿನಿಮಾಗಳನ್ನು ಬಿಟ್ಟರೆ, ಪೈರಸಿಯಿಂದ ಮಾರಾಟ ಕುಗ್ಗುತ್ತದೆ ಎಂಬುದಕ್ಕೆ ಗಟ್ಟಿಯಾದ ಅಂಕಿಅಂಶದ ಪುರಾವೆ ಸಿಗಲಿಲ್ಲ ಎಂದು ಅದು ಹೇಳಿತು. ‘ಪೈರಸಿಯಿಂದ ನಷ್ಟವಿಲ್ಲ ಎಂದು ಸಾಬೀತಾಗಿದೆ’ ಎನ್ನುವವರು ಎತ್ತಿ ತೋರಿಸುವುದು ಇದನ್ನೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ಪರಿಣಾಮ ಸಾಬೀತಾಗಿಲ್ಲ ಎಂದ ಮಾತ್ರಕ್ಕೆ ಪರಿಣಾಮವೇ ಇಲ್ಲ ಎಂದು ಅರ್ಥವಲ್ಲ. ಆ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಪುಸ್ತಕಗಳನ್ನೇ ಹಿಡಿದು ನೋಡಿದ ಅಧ್ಯಯನಗಳು ಇನ್ನೂ ಕುತೂಹಲದವು. ಅಮೆರಿಕದ ಅರ್ಥಶಾಸ್ತ್ರಜ್ಞೆ ಇಮ್ಕೆ ರೈಮರ್ಸ್, ಕಳ್ಳ ಲಿಂಕ್‌ಗಳನ್ನು ಹುಡುಕಿ ತೆಗೆಸಿದಾಗ ಏನಾಗುತ್ತದೆ ಎಂದು ನೋಡಿದರು. ಇ-ಪುಸ್ತಕಗಳ ಮಾರಾಟ ಏರಿತು, ಕಾಗದದ ಪುಸ್ತಕಗಳ ಮಾರಾಟದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಜಪಾನಿನ ಕೆಯೋ ವಿಶ್ವವಿದ್ಯಾಲಯದ ತತ್ಸುವೊ ತನಾಕ ಅಲ್ಲಿನ ಚಿತ್ರಕಥೆ ಪುಸ್ತಕಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಎರಡು ಬಗೆಯ ಫಲ ಸಿಕ್ಕಿತು. ಇನ್ನೂ ಕಂತು ಕಂತಾಗಿ ಬರುತ್ತಿರುವ ಕಥೆಗಳ ಮಾರಾಟಕ್ಕೆ ಪೈರಸಿಯಿಂದ ಪೆಟ್ಟು ಬಿತ್ತು. ಮುಗಿದುಹೋದ, ಜನ ಮರೆಯುತ್ತಿದ್ದ ಕಥೆಗಳ ಮಾರಾಟ ಏರಿತು, ಕಳ್ಳ ಪ್ರತಿ ಜಾಹೀರಾತಿನಂತೆ ಕೆಲಸ ಮಾಡಿತ್ತು.

ಲೇಖಕರಲ್ಲೂ ಎರಡು ಪಕ್ಷವಿದೆ. ‘ಆಲ್ಕೆಮಿಸ್ಟ್’ ಬರೆದ ಪಾಲೊ ಕೊಯೆಲೊ, ರಷ್ಯಾದಲ್ಲಿ ತಮ್ಮ ಪುಸ್ತಕ ಸಿಗುವುದೇ ಕಷ್ಟವಾಗಿದ್ದಾಗ ಅದರ ಕಳ್ಳ ಪ್ರತಿಯನ್ನು ತಾವೇ ಅಂತರ್ಜಾಲದಲ್ಲಿ ಹಂಚಿದ್ದಾಗಿಯೂ, ಆಮೇಲೆ ಅಲ್ಲಿ ಮಾರಾಟ ಹಲವು ಪಟ್ಟು ಏರಿದ್ದಾಗಿಯೂ ಹೇಳಿಕೊಂಡಿದ್ದಾರೆ. ಅಮೆರಿಕದ ಕಾದಂಬರಿಗಾರ್ತಿ ಮ್ಯಾಗಿ ಸ್ಟೀಫ್‌ವಾಟರ್ ಅವರದ್ದು ಉಲ್ಟಾ ಅನುಭವ. ಅವರ ಸರಣಿಯ ಮೂರನೇ ಪುಸ್ತಕದ ಮಾರಾಟ ಇಳಿಯಿತು, ನಾಲ್ಕನೆಯದನ್ನು ಪ್ರಕಾಶಕರು ಕಡಿಮೆ ಪ್ರತಿ ಅಚ್ಚು ಹಾಕಿಸಿದರು. ಅವರೂ ಅವರ ತಮ್ಮನೂ ಸೇರಿ, ಮೊದಲ ನಾಲ್ಕು ಅಧ್ಯಾಯಗಳೇ ಮತ್ತೆ ಮತ್ತೆ ಬರುವ ನಕಲಿ ಪಿಡಿಎಫ್ ಮಾಡಿ ಬಿಡುಗಡೆಯ ದಿನ ಎಲ್ಲೆಡೆ ಹರಿಬಿಟ್ಟರು. ನಿಜವಾದ ಪಿಡಿಎಫ್ ಸಿಗದೆ ಬೇಸತ್ತವರು ಪುಸ್ತಕ ಕೊಂಡರು, ಮೊದಲ ಮುದ್ರಣ ಬೇಗನೆ ಖಾಲಿಯಾಯಿತು ಎಂದು ಅವರು 2017ರಲ್ಲಿ ಬರೆದರು. ಇವೆರಡೂ ಒಬ್ಬೊಬ್ಬರ ಅನುಭವ. ಒಂದನ್ನು ಹಿಡಿದು ಎಲ್ಲರಿಗೂ ಅನ್ವಯಿಸಲಾಗದು.

ಈಗ ಕನ್ನಡಕ್ಕೆ ಬನ್ನಿ. ಮೇಲಿನವರೆಲ್ಲ ಲಕ್ಷಗಟ್ಟಲೆ ಪ್ರತಿ ಮಾರಾಟವಾಗುವ ಭಾಷೆಗಳವರು. ನಮ್ಮಲ್ಲಿ ಹೊಸ ಲೇಖಕರ ಕಥಾಸಂಕಲನವೋ ಕಾದಂಬರಿಯೋ 500, ಹೆಚ್ಚೆಂದರೆ 1,000 ಪ್ರತಿ ಅಚ್ಚಾಗುತ್ತದೆ. ಲೇಖಕರಿಗೆ ಸಾಮಾನ್ಯವಾಗಿ ಬೆಲೆಯ ಶೇ 10ರಷ್ಟು ಗೌರವಧನ. 200 ರೂಪಾಯಿ ಪುಸ್ತಕ ಎಂದುಕೊಳ್ಳಿ. ಒಂದು ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿಯೂ ಮಾರಾಟವಾದರೆ 20,000 ರೂಪಾಯಿ, ಎರಡು ಮೂರು ವರ್ಷ ಕೂತು ಬರೆದ ಕಾದಂಬರಿಗೆ. ಕನ್ನಡದಲ್ಲಿ ಬರವಣಿಗೆಯಿಂದಲೇ ಹೊಟ್ಟೆ ಹೊರೆಯುವವರು ಬೆರಳೆಣಿಕೆಯಷ್ಟು. ಉಳಿದವರು ಮೇಷ್ಟ್ರು, ಬ್ಯಾಂಕ್ ನೌಕರರು, ರೈತರು, ಪತ್ರಕರ್ತರು.

ಇದನ್ನು ಕೇಳಿ ಕೆಲವರು, ‘ಹಾಗಾದರೆ ಪಿಡಿಎಫ್‌ನಿಂದ ಕಳೆದುಕೊಳ್ಳುವುದೂ ಅಷ್ಟರಲ್ಲೇ ಇದೆಯಲ್ಲ’ ಎನ್ನುತ್ತಾರೆ. ತಪ್ಪುವುದೇ ಇಲ್ಲಿ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಹೊಸ ಕಾದಂಬರಿಯೊಂದರ ಪಿಡಿಎಫ್ 5,000 ಫೋನುಗಳಿಗೆ ಹೋಯಿತು. ಅವರಲ್ಲಿ ನೂರಕ್ಕೆ 98 ಜನ ಕುರುಗೋಡಿನ ಯುವಕನಂತೆ ‘ಹೇಗೂ ಕೊಳ್ಳುತ್ತಿರದವರು’ ಎಂದೇ ಇಟ್ಟುಕೊಳ್ಳಿ. ಕೊಳ್ಳಬಹುದಾಗಿದ್ದವರು ನೂರಕ್ಕೆ ಇಬ್ಬರು ಮಾತ್ರ. ಅಂದರೆ 100 ಜನ. ಸಾವಿರ ಪ್ರತಿಯ ಪುಸ್ತಕದಲ್ಲಿ ಅದು ಹತ್ತನೇ ಒಂದು ಪಾಲು. ಲೇಖಕರಿಗೆ ಹೋದದ್ದು 2,000 ರೂಪಾಯಿ ಇರಬಹುದು. ಪ್ರಕಾಶಕರಿಗೆ ಹೋದದ್ದು ಕಾಗದ, ಅಚ್ಚು, ಅಂಗಡಿ ಕಮಿಷನ್ ಎಲ್ಲ ಕಳೆದ ಮೇಲೆ ಉಳಿಯಬೇಕಿದ್ದ ಅಂಚು. ಪೆಟ್ಟಿಗೆಯಲ್ಲಿ 100 ಪ್ರತಿ ಉಳಿದರೆ ‘ಎರಡನೇ ಮುದ್ರಣ ಮಾಡಬೇಕೇ?’ ಎಂಬ ಪ್ರಶ್ನೆಗೆ ‘ಬೇಡ’ ಎಂಬ ಉತ್ತರ ಬರುತ್ತದೆ. ಅದೇ ಲೇಖಕ ಮುಂದಿನ ಹಸ್ತಪ್ರತಿ ತಂದರೆ ‘ಹಿಂದಿನದೇ ಖಾಲಿಯಾಗಿಲ್ಲ’ ಎಂಬ ಮಾತು ಕೇಳಬೇಕಾಗುತ್ತದೆ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶಕರಿಗೆ ದೊಡ್ಡ ಆಸರೆ. ಆಯ್ಕೆಯಾದರೆ ಸುಮಾರು 300 ಪ್ರತಿ ಒಮ್ಮೆಗೇ ಹೋಗುತ್ತದೆ. ಆದರೆ ಖರೀದಿಯೂ ಅದರ ಹಣವೂ ತಡವಾಗುವುದು ಪ್ರಕಾಶಕರ ಹಳೆಯ ದೂರು. ಹಾಗಾಗಿ ಕೈಯಿಂದ ಹಣ ಕೊಟ್ಟು ಕೊಳ್ಳುವ ಆ ಆರೇಳು ನೂರು ಓದುಗರೇ ಕನ್ನಡದ ಹೊಸ ಪುಸ್ತಕವನ್ನು ಎತ್ತಿ ಹಿಡಿದಿರುವವರು. ಸಂಡೂರಿನ ವಸುಧೇಂದ್ರ 2004ರಲ್ಲಿ ಶುರು ಮಾಡಿದ ಛಂದ ಪುಸ್ತಕದಂಥ ಸಣ್ಣ ಪ್ರಕಾಶನಗಳು ಹೊಸಬರ ಮೊದಲ ಕಥಾಸಂಕಲನಗಳನ್ನು ತರುತ್ತವೆ. ಅಂಥ ಕಡೆ ಒಂದು ಪುಸ್ತಕದಿಂದ ಬಂದ ಹಣವೇ ಇನ್ನೊಂದಕ್ಕೆ ಬಂಡವಾಳ.

ಆದ್ದರಿಂದ ನಮ್ಮ ಅಭಿಪ್ರಾಯ ಇದು: ಎಲ್ಲ ಪಿಡಿಎಫ್‌ನಿಂದ ಒಂದೇ ಅಳತೆಯ ನಷ್ಟವಾಗುವುದಿಲ್ಲ. ಎಂದೋ ಮುದ್ರಣ ನಿಂತುಹೋದ, ಅಂಗಡಿಯಲ್ಲೂ ಸಿಗದ ಪುಸ್ತಕದ ಸ್ಕ್ಯಾನ್ ಓದಿದರೆ ಯಾರ ಜೇಬಿಗೂ ಕತ್ತರಿ ಬೀಳದಿರಬಹುದು, ಪುಸ್ತಕಕ್ಕೆ ಮರುಜೀವವೂ ಬರಬಹುದು. ಕಾನೂನು ಅದಕ್ಕೂ ಅನುಮತಿ ಬೇಕೆನ್ನುತ್ತದೆ, ಆದರೆ ಲೇಖಕರನ್ನೋ ಮನೆಯವರನ್ನೋ ಕೇಳಿದರೆ ಸಂತೋಷದಿಂದ ಒಪ್ಪುವವರು ಬಹಳ ಮಂದಿ ಇದ್ದಾರೆ. ಈ ವರ್ಷ ಬಂದ, ಅಂಗಡಿಯಲ್ಲಿ ಸಿಗುತ್ತಿರುವ, ಹೊಸಬರ ಪುಸ್ತಕದ ಪಿಡಿಎಫ್ ಹಂಚುವುದು ಅತಿ ಹೆಚ್ಚು ಪೆಟ್ಟು ಕೊಡುವ ಕೆಲಸ. ‘ಕನ್ನಡ ಉಳಿಸಿ’ ಎಂಬ ಹೆಸರಿನಲ್ಲಿ ಹೆಚ್ಚಾಗಿ ಓಡಾಡುವುದು ಇಂಥವೇ ಎಂಬುದು ಬೇಸರದ ಸಂಗತಿ. ಇನ್ನೂ ಒಂದು ವ್ಯತ್ಯಾಸ ಗಮನಿಸಿ. ಕುರುಗೋಡಿನ ಯುವಕ ತಾನು ಓದುವುದರಿಂದ ನಷ್ಟವಿಲ್ಲ ಎನ್ನುವುದು ಬಹುಪಾಲು ಸರಿ. ಆದರೆ ಅದನ್ನು ಮುಂದೆ ಕಳಿಸಿದಾಗ, ಆ ಗ್ರೂಪಿನಲ್ಲಿ ಕೊಳ್ಳಬಲ್ಲ ಇಬ್ಬರು ಯಾರೆಂದು ಅವರಿಗೆ ಗೊತ್ತಿರುವುದಿಲ್ಲ.

ಪುಸ್ತಕ ಸಿಗದಿದ್ದರೆ ಏನು ಮಾಡಬೇಕು?

ಇದನ್ನು ಹೇಳದೆ ಓದುಗರಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್. ತಾಲ್ಲೂಕು ಕೇಂದ್ರಗಳಲ್ಲಿ ಪುಸ್ತಕದಂಗಡಿ ಎಂದರೆ ಬಹುತೇಕ ನೋಟ್‌ಬುಕ್, ಗೈಡು, ಪೆನ್ನು. ಒಂದು ಕಾದಂಬರಿಗಾಗಿ ಬಸ್ ಚಾರ್ಜು ಕೊಟ್ಟು ಹೋಗಿ ‘ಸ್ಟಾಕ್ ಇಲ್ಲ’ ಎಂದು ಕೇಳಿ ಬರುವವರಿಗೆ ಪಿಡಿಎಫ್ ಎನ್ನುವುದು ಕಳ್ಳತನದಂತೆ ಕಾಣುವುದಿಲ್ಲ.

ಆದರೆ ದಾರಿಗಳಿವೆ, ಕೆಲವಕ್ಕೆ ನೀವು ಈಗಾಗಲೇ ಹಣ ಕೊಟ್ಟಿದ್ದೀರಿ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಬಳ್ಳಾರಿಯಲ್ಲಿ ಮನೆ ಕಂದಾಯ ಕಟ್ಟಿದ ರಸೀದಿ ಇದ್ದರೆ ತೆಗೆದು ನೋಡಿ. ನಿಮಗೆ ಬೇಕಾದ ಪುಸ್ತಕ ತರಿಸಿ ಎಂದು ಗ್ರಂಥಾಲಯದಲ್ಲಿ ಬರೆದು ಕೊಡುವುದು ನಿಮ್ಮ ಹಕ್ಕು, ದೇಹಿ ಎಂದು ಬೇಡಿದಂತಲ್ಲ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿವೆ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಶುರುವಾಯಿತು, ಫೋನಿನಲ್ಲೇ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಸರ್ಕಾರದ ‘ಕಣಜ’ ಜಾಲತಾಣದಲ್ಲಿ ಅಕಾಡೆಮಿ, ಪ್ರಾಧಿಕಾರಗಳ ಅನೇಕ ಪುಸ್ತಕಗಳು ಹಾಗೇ ಓದಲು ಸಿಗುತ್ತವೆ. ರಾಜ್ಯದ ಶಾಲಾ ಪಠ್ಯಪುಸ್ತಕಗಳ ಪಿಡಿಎಫ್ ಅನ್ನು ಪಠ್ಯಪುಸ್ತಕ ಸಂಘವೇ ಉಚಿತವಾಗಿ ಕೊಡುತ್ತದೆ. ಪರೀಕ್ಷೆಗೆ ಬುನಾದಿ ಹಾಕಲು ಅದಕ್ಕಿಂತ ಒಳ್ಳೆಯದು ಇಲ್ಲ ಎಂದು ಓದಿ ಕೆಲಸಕ್ಕೆ ಸೇರಿದವರೇ ಹೇಳುತ್ತಾರೆ. ಅವಧಿ ಮುಗಿದ ಹಳೆಯ ಕೃತಿಗಳು ಕನ್ನಡ ವಿಕಿಸೋರ್ಸ್‌ನಲ್ಲಿವೆ. ಹೊಸ ಪುಸ್ತಕಗಳನ್ನು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕೊಂಡು ಅಲ್ಲೇ ಓದಬಹುದು, ಮುದ್ರಿತ ಪ್ರತಿಗಿಂತ ಬೆಲೆ ಕಡಿಮೆ ಇರುವುದೂ ಉಂಟು. ಕಾಗದದ ಪುಸ್ತಕವೇ ಬೇಕೆಂದರೆ ಬಹುತೇಕ ಸಣ್ಣ ಪ್ರಕಾಶಕರು ಒಂದು ಮೆಸೇಜಿಗೆ ಅಂಚೆಯಲ್ಲಿ ಕಳಿಸುತ್ತಾರೆ, ಸಿರುಗುಪ್ಪಕ್ಕೂ.

ಫಾರ್ವರ್ಡ್ ಪಿಡಿಎಫ್‌ಗಳಲ್ಲಿ ಓದುಗರಿಗೇ ಆಗುವ ನಷ್ಟವೂ ಒಂದಿದೆ, ಮುಖ್ಯವಾಗಿ ಪರೀಕ್ಷೆಯ ಗೈಡುಗಳಲ್ಲಿ. ಸ್ಕ್ಯಾನ್ ಮಾಡುವವರು ಪ್ರಕಾಶಕರ ವಿಳಾಸ, ಮುದ್ರಣದ ವರ್ಷ ಇರುವ ಪುಟವನ್ನೇ ಮೊದಲು ಕಿತ್ತುಹಾಕುತ್ತಾರೆ. ಹಾಗಾಗಿ ಅದು ಯಾವ ಕಾಲದ್ದು ಎಂದು ತಿಳಿಯುವುದಿಲ್ಲ. ಕುರುಗೋಡಿನ ಯುವಕ ಕಳಿಸಿದ ಗೈಡಿನ ಕೆಲವು ಪುಟಗಳನ್ನು ನಾವು ನೋಡಿದೆವು. ಅದರ ಪ್ರಕಾರ ಹಂಪಿ ಇರುವುದು ಬಳ್ಳಾರಿ ಜಿಲ್ಲೆಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಆ ಉತ್ತರಕ್ಕೆ ಅಂಕ ಸಿಗುವುದಿಲ್ಲ. ಕಾನೂನಿನ ಅಧ್ಯಾಯದಲ್ಲಿ ಇನ್ನೂ ಭಾರತೀಯ ದಂಡ ಸಂಹಿತೆಯ ಸೆಕ್ಷನ್‌ಗಳಿವೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಯ ಶಿಕ್ಷೆಯ ಸೆಕ್ಷನ್ 302 ಈಗ 103. ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಕುರುಗೋಡಿನ ಹೆಸರೇ ಇಲ್ಲ. ಇದನ್ನು ತಿಳಿಸಿದಾಗ ಆ ಯುವಕ ಕಳಿಸಿದ್ದು ನಗುವ ಇಮೋಜಿ ಒಂದು, ಅದರ ಹಿಂದೆಯೇ ಒಂದು ಪ್ರಶ್ನೆ: ‘ಸರ್, ಹೊಸ ಎಡಿಷನ್ ಬಳ್ಳಾರಿ ಲೈಬ್ರರಿಯಲ್ಲಿ ಇದೆಯಾ?’

ಬರೆದು ಕೊಟ್ಟು ತರಿಸಿಕೊಳ್ಳಿ ಎಂದಿದ್ದೇವೆ. ಸಿರುಗುಪ್ಪದ ಓದುಗರಿಗೂ ಉತ್ತರ ಕಳಿಸಿದೆವು: ಆ ಲಿಂಕ್ ಮುಂದೆ ಕಳಿಸಬೇಡಿ, ಪಟ್ಟಿಯಲ್ಲಿರುವ ತ್ರಿವೇಣಿಯವರ ಕಾದಂಬರಿಗಳನ್ನು ಬೇಕಾದರೆ ಬೇರೆಯಾಗಿ ಹಂಚಿಕೊಳ್ಳಿ. ಅದೇ ಪಟ್ಟಿಯ ಕೊನೆಯಲ್ಲಿ ‘ಎಲ್ಲ ಪುಸ್ತಕ ಒಂದೇ ಕಡೆ’ ಎಂಬ ಒಂದು ಕಡತವಿದೆ. ಅದರ ಹೆಸರು ಮುಗಿಯುವುದು ‘ಪಿಡಿಎಫ್’ ಎಂದಲ್ಲ, ‘ಎಪಿಕೆ’ ಎಂದು. ಅದು ಪುಸ್ತಕವಲ್ಲ, ಫೋನಿಗೆ ಇಳಿಯುವ ಆ್ಯಪ್. ಮದುವೆ ಕರೆಯೋಲೆ ಎಂದು ಬಂದು ಬ್ಯಾಂಕ್ ಖಾತೆ ಖಾಲಿ ಮಾಡುವ ಕಡತಗಳೂ ಇದೇ ಜಾತಿಯವು. ಅದನ್ನು ಒತ್ತಬೇಡಿ.